ಅಸಿಟ್ರೋಮ್ ತಗೊಳ್ಳುವವರು ಸೊಪ್ಪು ಪೂರ್ತಿ ಬಿಡಬೇಕಾ? ಅಮ್ಮನ ಐಎನ್‌ಆರ್ ನಿಲ್ಲುತ್ತಿಲ್ಲ

ಕೊಪ್ಪದ ಮಗಳು

ಎಲ್ಲರಿಗೂ ನಮಸ್ಕಾರ. ಅಮ್ಮನ ವಿಷಯದಲ್ಲಿ ಸಲಹೆ ಬೇಕಿತ್ತು. ಚಿಕ್ಕ ವಯಸ್ಸಿನಲ್ಲಿ ರುಮ್ಯಾಟಿಕ್ ಜ್ವರ ಬಂದು ಅವರ ಹೃದಯದ ವಾಲ್ವ್ ಹಾಳಾಗಿತ್ತು. ಈಗ ಮೆಟಲ್ ವಾಲ್ವ್ ಹಾಕಿದ್ದಾರೆ. ಆಪರೇಷನ್ ಆದಾಗಿನಿಂದ ದಿನಾ ಸಂಜೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸಿಟ್ರೋಮ್ ಮಾತ್ರೆ. ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ತಗಲುವ ಹೊತ್ತನ್ನು ತೋರಿಸುವ ಟೆಸ್ಟಿನ ಅಂಕಿ, 2.5ರಿಂದ 3.5ರ ಒಳಗೆ ಇರಬೇಕು ಅಂತ ಡಾಕ್ಟರು ಫೈಲಿನ ಮೇಲೇ ಬರೆದುಕೊಟ್ಟಿದ್ದಾರೆ.

ಅದು ಅಲ್ಲಿ ನಿಲ್ಲುವುದೇ ಇಲ್ಲ. ಬೇಸಿಗೆಯಲ್ಲಿ ಬೆಂಗಳೂರಿನ ನಮ್ಮ ಮನೆಗೆ ಬಂದಿದ್ದಾಗ 4.6 ಬಂತು. ಹಲ್ಲುಜ್ಜಿದರೆ ವಸಡಿನಿಂದ ರಕ್ತ. ಮಾತ್ರೆ ಕಮ್ಮಿ ಮಾಡಿದರು. ಮಳೆಗಾಲಕ್ಕೆ ಊರಿಗೆ ಹೋದರು, ಮುಂದಿನ ಟೆಸ್ಟಿನಲ್ಲಿ 1.7. ಈ ಸಲ ಡಾಕ್ಟರಿಗೇ ಗಾಬರಿಯಾಯಿತು. ಇಷ್ಟು ಕೆಳಗೆ ಇಳಿದರೆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಬಹುದು, ಆ ಗಡ್ಡೆ ಮೆದುಳಿಗೆ ಹೋದರೆ ಸ್ಟ್ರೋಕ್ ಆಗುತ್ತದೆ ಎಂದರು. ಮಾತ್ರೆ ಮತ್ತೆ ಜಾಸ್ತಿ ಮಾಡಿದ್ದಾರೆ.

ಇದನ್ನು ಕೇಳಿ ನೆಂಟರೆಲ್ಲ ಸೇರಿ ಅಮ್ಮನಿಗೆ ಸೊಪ್ಪು ಬಿಡಿಸಿದ್ದಾರೆ. ಸಾರಿಗೆ ಹಾಕಿದ ಕೊತ್ತಂಬರಿಯನ್ನೂ ಆರಿಸಿ ಪಕ್ಕಕ್ಕೆ ಇಡುತ್ತಾರೆ. ಬಸಳೆ, ಹರಿವೆ, ಕೆಸು ತಿಂದು ಬೆಳೆದವರು ಅವರು. ಈಗ ಊಟವೇ ಸೇರುತ್ತಿಲ್ಲ, ಮಲಬದ್ಧತೆ ಬೇರೆ ಶುರುವಾಗಿದೆ. ನಿಜವಾಗಿಯೂ ಪೂರ್ತಿ ಬಿಡಲೇಬೇಕಾ? ಈ ಮಾತ್ರೆ ತಗೊಳ್ಳುವವರ ಮನೆಯವರು ಏನು ಮಾಡುತ್ತೀರಿ?

ಹಳೇ ಮೈಸೂರು

ನಮ್ಮ ದೊಡ್ಡಪ್ಪನಿಗೂ ಇದೇ ಮಾತ್ರೆ. ಡಿಸ್ಚಾರ್ಜ್ ಆಗುವಾಗ ಕೊಟ್ಟ ಹಾಳೆಯಲ್ಲೇ ಸೊಪ್ಪು, ಎಲೆಕೋಸು ತಿನ್ನಬಾರದು ಅಂತ ಅಚ್ಚಾಗಿತ್ತು. ಅವರು ಬಿಟ್ಟಿದ್ದಾರೆ. ಹೃದಯದ ವಿಷಯ, ಸುಮ್ನೆ ರಿಸ್ಕ್ ಯಾಕೆ? ಅಮ್ಮನಿಗೂ ಬಿಡಿಸಿ.

ಫಾರ್ಮಸಿಸ್ಟ್ ಅಕ್ಕ

ಬಿಡಿಸಬೇಡಿ. ಆ ಅಚ್ಚಾದ ಹಾಳೆ ನಾನೂ ನೋಡಿದ್ದೇನೆ. ಎಷ್ಟೋ ಕಡೆ ಇನ್ನೂ ಅದನ್ನೇ ಕೊಡುತ್ತಾರೆ. ನನಗೆ ಅದನ್ನು ಕಂಡರೆ ಬೇಜಾರಾಗುತ್ತದೆ, ಯಾಕೆಂದರೆ ಅದನ್ನು ಚಾಚೂ ತಪ್ಪದೆ ಪಾಲಿಸುವವರ ಐಎನ್‌ಆರ್ ಕೂಡ ಏರುಪೇರಾಗುತ್ತದೆ.

ಮಾತ್ರೆ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಾದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಪ್ರೋಟೀನುಗಳನ್ನು ಲಿವರ್ ತಯಾರಿಸುತ್ತದೆ. ಅದಕ್ಕೆ ವಿಟಮಿನ್ ಕೆ ಬೇಕು. ಒಮ್ಮೆ ಬಳಸಿದ ವಿಟಮಿನ್ ಕೆಯನ್ನು ಲಿವರ್ ಮೊದಲಿನ ರೂಪಕ್ಕೆ ತಂದು ಮತ್ತೆ ಬಳಸುತ್ತದೆ. ಅಸಿಟ್ರೋಮ್ ಆಗಲಿ, ಅದೇ ಜಾತಿಯ ಇನ್ನೊಂದು ಮಾತ್ರೆ ವಾರ್ಫರಿನ್ ಆಗಲಿ ತಡೆಯುವುದು ಈ ಮರುಬಳಕೆಯನ್ನು. ಆದರೆ ಊಟದಿಂದ ಹೊಸದಾಗಿ ಬರುವ ವಿಟಮಿನ್ ಕೆಯನ್ನು ತಡೆಯಲು ಅವುಗಳಿಂದ ಆಗುವುದಿಲ್ಲ. ಅಂದರೆ ಡಾಕ್ಟರು ಡೋಸ್ ಗೊತ್ತು ಮಾಡುವುದೇ ನಿಮ್ಮ ಅಮ್ಮನ ತಟ್ಟೆಯನ್ನು ಲೆಕ್ಕಕ್ಕೆ ಹಿಡಿದು. ತಟ್ಟೆ ಬದಲಾದರೆ ಅದೇ ಮಾತ್ರೆಯ ಬಲವೂ ಬದಲಾಗುತ್ತದೆ.

ಈಗ ನೀವೇ ಬರೆದದ್ದನ್ನು ಮತ್ತೆ ಓದಿ. ಬೆಂಗಳೂರಿಗೆ ಬಂದರು, ನಿಮ್ಮ ಮನೆಯಲ್ಲಿ ಬಹುಶಃ ಊರಿನಷ್ಟು ಸೊಪ್ಪು ಮಾಡುವುದಿಲ್ಲ, ಐಎನ್‌ಆರ್ ಮೇಲೆ ಹೋಯಿತು. ಮಾತ್ರೆ ಇಳಿಸಿದರು. ಆ ಇಳಿಸಿದ ಡೋಸಿನಲ್ಲೇ ಮಳೆಗಾಲದ ಮಲೆನಾಡಿಗೆ ಹೋದರು, ಹಿತ್ತಲ ತುಂಬ ಸೊಪ್ಪು. ಐಎನ್‌ಆರ್ ಕೆಳಗೆ ಬಂತು. ಬೇರೆ ಕಾರಣವೂ ಇರಬಹುದು, ಆದರೆ ನಾನು ಡಾಕ್ಟರಿಗೆ ಹೇಳುವ ಮೊದಲ ಮಾತು ಇದೇ.

ಇನ್ನೊಂದು ವಿಷಯವನ್ನು ಜನ ಗಮನಿಸುವುದಿಲ್ಲ. ಸೊಪ್ಪು ಪೂರ್ತಿ ಬಿಟ್ಟವರ ಮೈಯಲ್ಲಿ ವಿಟಮಿನ್ ಕೆ ದಾಸ್ತಾನು ತೀರಾ ಕಮ್ಮಿ ಇರುತ್ತದೆ. 100 ಗ್ರಾಂ ಪಾಲಕ್‌ನಲ್ಲಿ ಸುಮಾರು 480 ಮೈಕ್ರೋಗ್ರಾಂ ವಿಟಮಿನ್ ಕೆ ಇದೆ. ಒಬ್ಬ ಹೆಂಗಸಿಗೆ ದಿನಕ್ಕೆ ಸಾಕಾಗುವುದು 90ರ ಆಸುಪಾಸು. ಸೊಪ್ಪು ಮುಟ್ಟದವರು ಯಾವುದೋ ಮದುವೆ ಮನೆಯಲ್ಲಿ ಒಂದು ಬಟ್ಟಲು ಪಾಲಕ್ ಪನೀರ್ ತಿಂದರೆ ಸಾಕು, ಐಎನ್‌ಆರ್ ಅಲುಗಾಡುತ್ತದೆ. ದಿನಾ ಒಂದಿಷ್ಟು ತಿನ್ನುವವರಿಗೆ ಅಷ್ಟು ಅಲುಗಾಟ ಆಗುವುದಿಲ್ಲ.

ಆದರೆ ದಯವಿಟ್ಟು ಇದನ್ನು ಓದಿ ನಾಳೆಯೇ ಬಸ್ಸಾರು ಮಾಡಿ ಬಡಿಸಬೇಡಿ. ಈಗಿನ ಡೋಸ್ ಗೊತ್ತಾಗಿರುವುದು ಸೊಪ್ಪಿಲ್ಲದ ಊಟಕ್ಕೋ, ಸೊಪ್ಪಿನ ಊಟಕ್ಕೋ ಎನ್ನುವುದೇ ಸ್ಪಷ್ಟವಿಲ್ಲ. ಮೊದಲು ಡಾಕ್ಟರ ಹತ್ತಿರ ಹೋಗಿ, "ಇಂದಿನಿಂದ ವಾರಕ್ಕೆ ಇಷ್ಟು ಸಲ, ಇಷ್ಟು ಸೊಪ್ಪು ಕೊಡುತ್ತೇವೆ, ಇದಕ್ಕೆ ತಕ್ಕ ಹಾಗೆ ಡೋಸ್ ಹೊಂದಿಸಿ" ಎಂದು ಕೇಳಿ. ಶುರು ಮಾಡಿದ ಮೇಲೆ ಯಾವಾಗ ಟೆಸ್ಟ್ ಮಾಡಿಸಬೇಕು ಅಂತಲೂ ಕೇಳಿ. ಮೆಟಲ್ ವಾಲ್ವ್ ಇರುವವರಲ್ಲಿ ಈ ಹೆಜ್ಜೆ ತಪ್ಪಿಸಲೇಬಾರದು.

ಬಾಗಲಕೋಟೆ ಮಾಸ್ತರ

ಅಕ್ಕಾರು ಹೇಳಿದ್ದು ಸತ್ಯ. ನನಗೇ ಚಿತ್ರಾ ವಾಲ್ವ್ ಹಾಕಿದ್ದಾರೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ರೂಪಿಸಿದ ನಮ್ಮ ದೇಶದ್ದೇ ವಾಲ್ವ್ ಅದು. 1990ರಲ್ಲಿ ಮೊದಲ ರೋಗಿಗೆ ಹಾಕಿದರು. ಹೊರದೇಶದ ವಾಲ್ವ್‌ಗಿಂತ ಕಡಿಮೆ ಬೆಲೆಗೆ ಸಿಗುತ್ತದೆ, ಅದಕ್ಕೇ ನನ್ನಂಥವರಿಗೆ ಕೈಗೆಟುಕಿತು.

ನಮ್ಮ ಕಡೆ ಊಟವೆಂದರೆ ಬಿಸಿ ರೊಟ್ಟಿ, ಪಲ್ಯ, ಜೊತೆಗೆ ಹಸಿ ಮೆಂತ್ಯ, ಹಕ್ಕರಿಕೆ ಸೊಪ್ಪು, ಉಳ್ಳಾಗಡ್ಡಿ ತಪ್ಪಲ. ಅದಿಲ್ಲದೆ ರೊಟ್ಟಿ ಒಳಗೆ ಇಳಿಯುವುದಿಲ್ಲ. ನಮ್ಮ ಡಾಕ್ಟರು ಮೊದಲ ಭೇಟಿಯಲ್ಲೇ "ದಿನಾ ತಿನ್ನುತ್ತೀರೋ, ಯಾವಾಗಾದರೂ ತಿನ್ನುತ್ತೀರೋ?" ಎಂದು ಕೇಳಿದರು. ದಿನಾ ಎಂದೆ. "ಹಾಗಾದರೆ ದಿನಾ ತಿನ್ನಿ, ಒಂದು ಹಿಡಿ ಮೀರಬೇಡಿ, ಬಿಡಲೂ ಬೇಡಿ" ಎಂದರು. ಆಸ್ಪತ್ರೆಯಿಂದ ಮನೆಗೆ ಬಂದು ಮೊದಲಿನ ಊಟ ಶುರುವಾದ ಮೇಲೆಯೇ ಡೋಸ್ ಸ್ಥಿರ ಮಾಡಿದರು. ನನ್ನ ಮಾತ್ರೆ ಬೇರೆಯವರಿಗಿಂತ ಸ್ವಲ್ಪ ಜಾಸ್ತಿ ಇರಬಹುದು. ಇದ್ದರೆ ಇರಲಿ, ಐಎನ್‌ಆರ್ ಸರಿ ಇದೆಯಲ್ಲ, ಅದೇ ಮುಖ್ಯ.

ನನಗೆ ಕಷ್ಟವಾಗುವುದು ಎಳ್ಳಮಾವಾಸ್ಯೆ ಹೊತ್ತಿಗೆ. ಹೊಲದ ಊಟ, ಎಲ್ಲರ ಮನೆಯ ಬುತ್ತಿ, ಪುಂಡಿ ಪಲ್ಯ, ಕಡಲೆ ಸೊಪ್ಪು. ಆವತ್ತು ನಾನು ಸೊಪ್ಪಿನ ಪಲ್ಯ ಒಂದನ್ನೇ ಆರಿಸಿ ಬಡಿಸಿಕೊಳ್ಳುತ್ತೇನೆ. ಉಳಿದದ್ದು ಬದನೆಕಾಯಿ, ಕಾಳು, ಮೊಸರು, ಕಡಬು.

ಕೊಪ್ಪದ ಮಗಳು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ನಮ್ಮ ಮನೆಯಲ್ಲಿ ಸೊಪ್ಪು ಅಪರೂಪ ಎನ್ನುವುದು ನಿಜ. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಬಿಡಿಸಿ ತೊಳೆಯಲು ಪುರುಸೊತ್ತಿಲ್ಲ. ಅಮ್ಮ ಬಂದರೆ ಅನ್ನ, ಬೇಳೆಸಾರು, ಪಲ್ಯಕ್ಕೆ ಬೀನ್ಸೋ ಬೀಟ್‌ರೂಟೋ. ಇದನ್ನು ಯಾರೂ ಕೇಳಲೂ ಇಲ್ಲ, ನಾವು ಹೇಳಲೂ ಇಲ್ಲ. ಅಳತೆ ಹೇಗೆ ಇಟ್ಟುಕೊಳ್ಳುವುದು? ಬೇಯಿಸಿದರೆ ವಿಟಮಿನ್ ಕೆ ಹೋಗುತ್ತದಾ? ಊರಲ್ಲಿ ಪತ್ರೊಡೆ ಮಾಡಿದಾಗ ಏನು ಮಾಡಲಿ?

ಫಾರ್ಮಸಿಸ್ಟ್ ಅಕ್ಕ

ಬೇಯಿಸಿದರೆ ಹೋಗುವುದಿಲ್ಲ. ಹಸಿ ಸೊಪ್ಪು ಬೆಂದರೆ ಕುಗ್ಗುತ್ತದೆ, ಹಾಗಾಗಿ ಒಂದು ಬಟ್ಟಲು ಬೆಂದ ಸೊಪ್ಪಿನಲ್ಲಿ ಒಂದು ಬಟ್ಟಲು ಹಸಿ ಸೊಪ್ಪಿಗಿಂತ ಎಷ್ಟೋ ಜಾಸ್ತಿ ಇರುತ್ತದೆ. ತೂಕದ ತಕ್ಕಡಿ ಬೇಡ. ಮನೆಯಲ್ಲಿ ಒಂದು ಚಿಕ್ಕ ಬಟ್ಟಲನ್ನು ಗೊತ್ತು ಮಾಡಿ. ವಾರದಲ್ಲಿ ಎಷ್ಟು ಸಲ ಅಂತಲೂ ಗೊತ್ತು ಮಾಡಿ. ಊರಲ್ಲೂ ಅದೇ ಬಟ್ಟಲು, ಬೆಂಗಳೂರಲ್ಲೂ ಅದೇ ಬಟ್ಟಲು. ಪತ್ರೊಡೆ ಮಾಡಿದ ದಿನ ಬೇರೆ ಸೊಪ್ಪು ಬೇಡ, ಪತ್ರೊಡೆಯೂ ಹೊಟ್ಟೆ ತುಂಬ ಬೇಡ. ಸಾರಿನ ಮೇಲೆ ಉದುರಿಸಿದ ಕೊತ್ತಂಬರಿಯನ್ನು ಆರಿಸಿ ತೆಗೆಯುವುದನ್ನು ಇವತ್ತೇ ನಿಲ್ಲಿಸಬಹುದು, ಅಷ್ಟರಿಂದ ಏನೂ ಆಗುವುದಿಲ್ಲ. ಕೊತ್ತಂಬರಿ ಪುದೀನ ಚಟ್ನಿ ಬಟ್ಟಲುಗಟ್ಟಲೆ ತಿಂದರೆ ಅದು ಸೊಪ್ಪಿನ ಲೆಕ್ಕಕ್ಕೇ ಬರುತ್ತದೆ.

ಅಕ್ಕಿ, ರಾಗಿ, ಬೇಳೆ, ಹೀರೆ, ಸೋರೆ, ಸೌತೆ, ಬೀಟ್‌ರೂಟ್, ಕ್ಯಾರೆಟ್, ಇವುಗಳ ಚಿಂತೆ ಬೇಡ. ಅಡುಗೆಗೆ ಹಾಕುವ ಅರಿಶಿನ, ಬೆಳ್ಳುಳ್ಳಿಯ ಚಿಂತೆಯೂ ಬೇಡ. ನಾನು ಖಡಾಖಂಡಿತವಾಗಿ ಬೇಡ ಎನ್ನುವುದು ಪುಡಿ ಮತ್ತು ಕ್ಯಾಪ್ಸೂಲ್ ರೂಪದಲ್ಲಿ ಬರುವುದನ್ನು. ನುಗ್ಗೆಸೊಪ್ಪಿನ ಪುಡಿ, ಗೋಧಿ ಹುಲ್ಲಿನ ರಸ, ಅರಿಶಿನದ ಸಾರ ತುಂಬಿದ ಕ್ಯಾಪ್ಸೂಲ್. ಇವುಗಳಲ್ಲಿ ಎಷ್ಟು ಏನು ಇದೆ ಅಂತ ಡಬ್ಬಿ ನೋಡಿ ಹೇಳಲು ಆಗುವುದಿಲ್ಲ, ಒಂದೊಂದು ಡಬ್ಬಿಯೂ ಬೇರೆ ಬೇರೆ.

ಜ್ವರ, ಭೇದಿ, ವಾಂತಿ ಅಂತ ನಾಲ್ಕು ದಿನ ಊಟ ಬಿಟ್ಟರೆ ಐಎನ್‌ಆರ್ ಮೇಲೆ ಹೋಗಬಹುದು. ಆಗ ಮುಂದಿನ ತಾರೀಖಿಗೆ ಕಾಯದೆ ಟೆಸ್ಟ್ ಮಾಡಿಸಿ. ಹಾಗೆಯೇ ದೀರ್ಘ ಉಪವಾಸಕ್ಕೆ ಮುಂಚೆಯೂ ಡಾಕ್ಟರಿಗೆ ಹೇಳಿ.

ಡಬ್ಲಿನ್ ಕನ್ನಡತಿ

ನಾನು ಇಲ್ಲಿ ನರ್ಸ್. ವಾರ್ಫರಿನ್ ತೆಗೆದುಕೊಳ್ಳುವವರಿಗೆಂದೇ ಇರುವ ಕ್ಲಿನಿಕ್‌ನಲ್ಲಿ ಕೆಲಸ. ಸೊಪ್ಪಿನ ಬಗ್ಗೆ ಮೇಲಿನ ಉತ್ತರಗಳು ಸರಿಯಾಗಿವೆ. ಆದರೆ ಸೊಪ್ಪಿನ ಮೇಲೇ ಎಲ್ಲರ ಕಣ್ಣು ಇರುವುದರಿಂದ ನಿಜವಾಗಿ ಅಪಾಯ ತರುವುದು ತಪ್ಪಿಹೋಗುತ್ತಿದೆ. ಅದು ಬೇರೆ ಮಾತ್ರೆಗಳು.

ನಾನು ಕಂಡ ಅತಿ ಎತ್ತರದ ಐಎನ್‌ಆರ್‌ಗಳ ಹಿಂದೆ ಸಾಮಾನ್ಯವಾಗಿ ಒಂದು ಆಂಟಿಬಯಾಟಿಕ್ ಅಥವಾ ಫಂಗಸ್ ಔಷಧಿ ಇರುತ್ತದೆ. ಉರಿಮೂತ್ರಕ್ಕೆ ಕೊಡುವ ಕೋ-ಟ್ರೈಮಾಕ್ಸಜೋಲ್, ಭೇದಿಗೆ ಕೊಡುವ ಮೆಟ್ರೋನಿಡಜೋಲ್, ಫಂಗಸ್‌ಗೆ ಕೊಡುವ ಫ್ಲುಕೋನಜೋಲ್. ಈ ಮೂರು ಹೆಸರನ್ನು ಫ್ರಿಜ್ ಮೇಲೆ ಅಂಟಿಸಿಡಿ. ಇವು ವಾರ್ಫರಿನ್ ಮೈಯಿಂದ ಹೊರಹೋಗುವುದನ್ನೇ ನಿಧಾನ ಮಾಡುತ್ತವೆ. ಬಾಯಿ ಹುಣ್ಣಿಗೆ ಹಚ್ಚುವ ಮೈಕೋನಜೋಲ್ ಜೆಲ್ ಕೂಡ ಹಾಗೆಯೇ. ಜೆಲ್ ಅಲ್ವಾ, ಏನಾಗುತ್ತೆ ಎಂದು ಯಾರೂ ಹೇಳುವುದೇ ಇಲ್ಲ. ಟಿಬಿಗೆ ಕೊಡುವ ರಿಫಾಂಪಿಸಿನ್ ಇದರ ಉಲ್ಟಾ. ಅದು ಐಎನ್‌ಆರ್ ಅನ್ನು ಕೆಳಗೆ ಎಳೆಯುತ್ತದೆ, ಅದನ್ನು ನಿಲ್ಲಿಸಿದಾಗ ಮತ್ತೆ ಮೇಲೇರುತ್ತದೆ.

ಮೊಣಕಾಲು ನೋವಿಗೆ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡವೇ ಬೇಡ. ಅವು ಹೊಟ್ಟೆಯ ಒಳಪದರವನ್ನು ಕೆರಳಿಸುತ್ತವೆ. ರಕ್ತ ಹೆಪ್ಪುಗಟ್ಟದವರಲ್ಲಿ ಅಲ್ಲಿ ಒಂದು ಹುಣ್ಣಾದರೆ ರಕ್ತ ನಿಲ್ಲುವುದಿಲ್ಲ. ಪ್ಯಾರಸಿಟಮಾಲ್ ಇದ್ದುದರಲ್ಲಿ ವಾಸಿ. ಆದರೆ ಅದನ್ನೂ ದಿನಕ್ಕೆ ನಾಲ್ಕರಂತೆ ವಾರಗಟ್ಟಲೆ ನುಂಗಿದರೆ ಐಎನ್‌ಆರ್ ಏರುತ್ತದೆ.

ಊರಿಗೆ ಬಂದಾಗಲೆಲ್ಲ ನನಗೆ ಆತಂಕವಾಗುವುದು ಸೊಂಟಕ್ಕೆ ಚುಚ್ಚುವ ಇಂಜೆಕ್ಷನ್ ನೋಡಿ. ಸಣ್ಣ ಜ್ವರಕ್ಕೂ ಜನ "ಒಂದು ಸೂಜಿ ಹಾಕಿಬಿಡಿ" ಎಂದು ಕೇಳುತ್ತಾರೆ. ಈ ಮಾತ್ರೆಯ ಮೇಲಿರುವವರಿಗೆ ಮಾಂಸಖಂಡಕ್ಕೆ ಚುಚ್ಚಿದರೆ ಒಳಗೇ ರಕ್ತ ತುಂಬಿಕೊಳ್ಳಬಹುದು. ಅಮ್ಮನ ಪರ್ಸಿನಲ್ಲಿ ಕನ್ನಡದಲ್ಲೇ ಒಂದು ಚೀಟಿ ಇಡಿ: ಮೆಟಲ್ ವಾಲ್ವ್ ಇದೆ, ಅಸಿಟ್ರೋಮ್ ನಡೆಯುತ್ತಿದೆ, ಸೊಂಟಕ್ಕೆ ಇಂಜೆಕ್ಷನ್ ಬೇಡ, ಹಲ್ಲು ಕೀಳುವ ಮೊದಲು ನಮ್ಮ ಡಾಕ್ಟರಿಗೆ ಫೋನ್ ಮಾಡಿ.

ತಲೆಗೆ ಪೆಟ್ಟು ಬಿದ್ದರೆ, ಮಲ ಡಾಂಬರಿನಂತೆ ಕಪ್ಪಾದರೆ, ಹಿಂದೆಂದೂ ಇಲ್ಲದ ತಲೆನೋವು ಬಂದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಗಂಟೆ ನೋಡಬೇಡಿ. ನೇರ ದೊಡ್ಡ ಆಸ್ಪತ್ರೆಗೆ.

ಹಳೇ ಮೈಸೂರು

ಇಷ್ಟೆಲ್ಲ ಓದಿದ ಮೇಲೆ ಒಂದು ಪ್ರಶ್ನೆ. ಇದು ಇಲಿ ಪಾಷಾಣ ಎಂದು ಯೂಟ್ಯೂಬ್‌ನಲ್ಲಿ ಒಬ್ಬರು ಹೇಳಿದ್ದನ್ನು ದೊಡ್ಡಪ್ಪ ನೋಡಿದ್ದಾರೆ. ಅವತ್ತಿನಿಂದ ಒಂದು ದಿನ ನುಂಗಿದರೆ ಎರಡು ದಿನ ಬಿಡುತ್ತಾರೆ. ಅದು ಸುಳ್ಳು ಅಂತ ಹೇಗೆ ನಂಬಿಸಲಿ?

ಬಾಗಲಕೋಟೆ ಮಾಸ್ತರ

ಸುಳ್ಳು ಎನ್ನಬೇಡಿ, ಪೂರ್ತಿ ಕಥೆ ಹೇಳಿ. ನಾನು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವನು, ಇದು ನನಗೆ ಬಹಳ ಇಷ್ಟವಾದ ಕಥೆ.

1920ರ ದಶಕದಲ್ಲಿ ಅಮೆರಿಕ, ಕೆನಡಾದ ಬಯಲು ಸೀಮೆಯಲ್ಲಿ ದನಗಳು ಒಳಗೊಳಗೇ ರಕ್ತ ಸೋರಿ ಸಾಯುತ್ತಿದ್ದವು. ಕೊಂಬು ತೆಗೆದರೂ ಸಾವು, ಬೀಜ ಒಡೆದರೂ ಸಾವು. ಅವು ತಿನ್ನುತ್ತಿದ್ದುದು ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಎಂಬ ಮೇವಿನ ಒಣಹುಲ್ಲು. ಮೇವು ಬದಲಿಸಿದರೆ ದನ ಉಳಿಯುತ್ತಿತ್ತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಪಾಲ್ ಲಿಂಕ್ ಮತ್ತು ಜೊತೆಗಾರರು ಆ ಹುಲ್ಲಿನಿಂದ ರಕ್ತ ಸೋರಿಸುವ ವಸ್ತುವನ್ನು ಬೇರ್ಪಡಿಸಿದರು. ಅದನ್ನೇ ತಿದ್ದಿ ತೀಡಿ ಮಾಡಿದ್ದು ವಾರ್ಫರಿನ್. 1948ರಲ್ಲಿ ಇಲಿ ಕೊಲ್ಲಲು ಮಾರುಕಟ್ಟೆಗೆ ಬಂದದ್ದು ನಿಜ. 1954ರಲ್ಲಿ ಮನುಷ್ಯರ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು. ಮರುವರ್ಷ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾದಾಗ ಅವರಿಗೂ ಇದನ್ನೇ ಕೊಟ್ಟರು.

ಇಲಿಗೆ ಕೊಡುವುದು ಅಳತೆ ಇಲ್ಲದೆ. ನಮಗೆ ಕೊಡುವುದು ಐಎನ್‌ಆರ್ ಅಳೆದು. ಜಾಸ್ತಿಯಾದರೆ ಇಳಿಸಲು ವಿಟಮಿನ್ ಕೆ ಇಂಜೆಕ್ಷನ್ ಇದೆ. ದೊಡ್ಡಪ್ಪನವರಿಗೆ ಇನ್ನೊಂದು ಮಾತು ಹೇಳಿ: ಎರಡು ದಿನ ಬಿಟ್ಟು ಒಂದು ದಿನ ನುಂಗಿದರೆ ರಕ್ಷಣೆಯೂ ಇಲ್ಲ, ಟೆಸ್ಟ್ ನೋಡಿ ಡಾಕ್ಟರು ಡೋಸ್ ಏರಿಸುತ್ತಾ ಹೋಗುತ್ತಾರೆ, ಯಾವತ್ತೋ ಅವರು ದಿನಾ ನುಂಗಲು ಶುರು ಮಾಡಿದರೆ ಆ ಏರಿಸಿದ ಡೋಸೇ ರಕ್ತ ಸೋರಿಸುತ್ತದೆ. ಬಿಟ್ಟದ್ದನ್ನು ಡಾಕ್ಟರಿಗೆ ಹೇಳಲೇಬೇಕು. ನೀವೇ ಜೊತೆಗೆ ಹೋಗಿ.

ಜಯನಗರ 4ನೇ ಬ್ಲಾಕ್

ನನ್ನ ಸಹೋದ್ಯೋಗಿಯ ತಂದೆಗೆ ಹೊಸ ಬಗೆಯ ಮಾತ್ರೆ ಕೊಟ್ಟಿದ್ದಾರೆ, ಅಪಿಕ್ಸಬಾನ್. ಐಎನ್‌ಆರ್ ಟೆಸ್ಟೂ ಬೇಡ, ಸೊಪ್ಪಿನ ಚಿಂತೆಯೂ ಇಲ್ಲ. ಕೊಪ್ಪದವರು ಅದಕ್ಕೆ ಬದಲಾಯಿಸಿಕೊಳ್ಳಬಹುದಲ್ವಾ?

ಡಬ್ಲಿನ್ ಕನ್ನಡತಿ

ಮೆಟಲ್ ವಾಲ್ವ್ ಇದ್ದವರಿಗೆ ಆಗುವುದಿಲ್ಲ. ದಬಿಗಾಟ್ರಾನ್ ಎಂಬ ಹೊಸ ಮಾತ್ರೆಯನ್ನು ಮೆಟಲ್ ವಾಲ್ವ್‌ನವರಿಗೆ ಕೊಟ್ಟು ನೋಡಿದ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಗಡ್ಡೆಯೂ ಜಾಸ್ತಿ, ರಕ್ತಸ್ರಾವವೂ ಜಾಸ್ತಿ. ಅದರ ವರದಿ 2013ರಲ್ಲಿ ಬಂತು. ಅಪಿಕ್ಸಬಾನ್ ಪ್ರಯೋಗವನ್ನೂ ಹಾಗೆಯೇ ಮಧ್ಯದಲ್ಲಿ ನಿಲ್ಲಿಸಿದರು.

ವಾಲ್ವ್ ಬದಲಿಸದೆ ರುಮ್ಯಾಟಿಕ್ ಕಾಯಿಲೆಯಿಂದ ವಾಲ್ವ್ ಕಿರಿದಾಗಿ, ಹೃದಯ ಬಡಿತ ತಾಳ ತಪ್ಪಿರುವವರ ವಿಷಯವೂ ಹೀಗೆಯೇ. ಭಾರತವೂ ಸೇರಿ ಹಲವು ದೇಶಗಳ 4,500ಕ್ಕೂ ಹೆಚ್ಚು ಜನರ ಮೇಲೆ ನಡೆದ ಇನ್‌ವಿಕ್ಟಸ್ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಹೊಸ ಮಾತ್ರೆ ರಿವರಾಕ್ಸಬಾನ್‌ಗಿಂತ ಹಳೆಯ ಮಾತ್ರೆಯ ಗುಂಪಿನಲ್ಲೇ ಸಾವು ಕಮ್ಮಿ. ಹೊಸದೆಲ್ಲ ಎಲ್ಲರಿಗೂ ಒಳ್ಳೆಯದು ಎನ್ನಲು ಬರುವುದಿಲ್ಲ. ನಿಮ್ಮ ಸಹೋದ್ಯೋಗಿಯ ತಂದೆಗೆ ಬೇರೆ ಕಾರಣಕ್ಕೆ ಕೊಟ್ಟಿರುತ್ತಾರೆ, ಅವರಿಗೆ ಅದು ಸರಿಯೇ ಇರಬಹುದು. ಅವರ ಮಾತ್ರೆ ನೋಡಿ ಇವರು, ಇವರ ಮಾತ್ರೆ ನೋಡಿ ಅವರು ಬದಲಿಸಬಾರದು ಅಷ್ಟೇ.

ಕುಂದಾಪುರದವಳು

ವಿಷಯ ಸ್ವಲ್ಪ ಬೇರೆ, ಆದರೂ ಹೇಳಬೇಕು ಅನಿಸಿತು. ನಮ್ಮ ಕಡೆ ಕೊಲೆಸ್ಟ್ರಾಲಿಗೆ, ಶುಗರಿಗೆ ಬಿಂಬುಳಿ ರಸ ಕುಡಿಯಿರಿ ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಮೀನಿನ ಸಾರಿಗೆ ನಾಲ್ಕು ಕಾಯಿ, ಉಪ್ಪಿನಕಾಯಿಗೆ ಒಂದಿಷ್ಟು, ಅದು ಸರಿ. ಹಿಂಡಿ ಲೋಟಗಟ್ಟಲೆ ಕುಡಿದರೆ ಅದರ ಆಕ್ಸಲೇಟ್ ಕಿಡ್ನಿಯಲ್ಲಿ ಹರಳುಗಟ್ಟುತ್ತದೆ. ಕೇರಳದ ವೈದ್ಯರು ಹೀಗೆ ರಸ ಕುಡಿದು ಕಿಡ್ನಿ ಕೈಕೊಟ್ಟ ಹತ್ತು ಜನರ ಬಗ್ಗೆ 2013ರಲ್ಲಿ ಬರೆದಿದ್ದಾರೆ. ಹಲವರಿಗೆ ಡಯಾಲಿಸಿಸ್ ಬೇಕಾಯಿತು. ನಮ್ಮ ಬೀದಿಯಲ್ಲೇ ಒಬ್ಬರು ಶುಗರ್ ಮಾತ್ರೆ ಬಿಟ್ಟು ಇದನ್ನು ಹಿಡಿದಿದ್ದರು. ಅವರ ಮಗಳಿಗೆ ಹೇಳಿ ಬಿಡಿಸಿದೆವು.

ಜಯನಗರ 4ನೇ ಬ್ಲಾಕ್

ಹಾಗಾದರೆ ಇನ್ನೊಂದು. ನಾನು ಬಿ.ಪಿ.ಗೆ ಟೆಲ್ಮಿಸಾರ್ಟನ್ ತಗೊಳ್ಳುತ್ತೇನೆ. ಸೋಡಿಯಂ ಕಮ್ಮಿ ಇರುವ ಉಪ್ಪು ಒಳ್ಳೆಯದು ಅಂತ ತಂದಿದ್ದೇನೆ. ಹೆಂಡತಿಗೆ ಥೈರಾಯ್ಡ್ ಮಾತ್ರೆ ಇದೆ. ಇವಕ್ಕೂ ಊಟಕ್ಕೂ ಏನಾದರೂ ಇದೆಯಾ?

ಫಾರ್ಮಸಿಸ್ಟ್ ಅಕ್ಕ

ಎರಡಕ್ಕೂ ಇದೆ. ಆ ಉಪ್ಪಿನಲ್ಲಿ ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಕಿಡ್ನಿ ಚೆನ್ನಾಗಿರುವ ಬಹಳ ಜನರಿಗೆ ಅದರಿಂದ ಬಿ.ಪಿ. ಇಳಿಯುತ್ತದೆ, ಒಳ್ಳೆಯದೇ. ಆದರೆ ಟೆಲ್ಮಿಸಾರ್ಟನ್ ಪೊಟ್ಯಾಸಿಯಂ ಹೊರಹೋಗುವುದನ್ನು ಕಮ್ಮಿ ಮಾಡುತ್ತದೆ. ಕಿಡ್ನಿಯೂ ಸೋತಿದ್ದರೆ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯ ಬಡಿತವೇ ಕೆಡಬಹುದು. ದಿನಾ ಎಳನೀರು ಕುಡಿಯುವ ಅಭ್ಯಾಸವಿದ್ದರೆ ಅದೂ ಸೇರುತ್ತದೆ. ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್, ಜೊತೆಗೆ ಪೊಟ್ಯಾಸಿಯಂ ಟೆಸ್ಟ್ ಮಾಡಿಸಿ ಡಾಕ್ಟರಿಗೆ ತೋರಿಸುವವರೆಗೆ ಆ ಪ್ಯಾಕೆಟ್ ಪಕ್ಕಕ್ಕಿಡಿ. ಸಾಮಾನ್ಯ ಉಪ್ಪನ್ನೇ ಕಮ್ಮಿ ಹಾಕಿಕೊಳ್ಳಿ.

ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಲ್ಲಿ ನುಂಗಬೇಕು. ಅರ್ಧ ಗಂಟೆಯಿಂದ ಒಂದು ಗಂಟೆ ಕಾಫಿಯೂ ಬೇಡ, ರಾಗಿ ಗಂಜಿಯೂ ಬೇಡ. ಕಾಫಿ ಮಾತ್ರೆಯನ್ನು ಸರಿಯಾಗಿ ಒಳಗೆ ಬಿಡುವುದಿಲ್ಲ. ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ ಇದ್ದರೆ ನಾಲ್ಕು ಗಂಟೆ ದೂರ ಇರಲಿ, ಮಧ್ಯಾಹ್ನ ಊಟದ ಮೇಲೆ ಇಟ್ಟರೆ ಮರೆಯುವುದಿಲ್ಲ. ನುಂಗುವ ಹೊತ್ತು ಸರಿಮಾಡಿದರೆ ಥೈರಾಯ್ಡ್ ಟೆಸ್ಟಿನಲ್ಲಿ ಬರುವ ಟಿಎಸ್‌ಎಚ್ ಬದಲಾಗಬಹುದು. ಆರರಿಂದ ಎಂಟು ವಾರಕ್ಕೆ ಟೆಸ್ಟ್ ಮಾಡಿಸಿ.

ಕೊಪ್ಪದ ಮಗಳು

ನಿನ್ನೆ ಡಾಕ್ಟರ ಹತ್ತಿರ ಹೋಗಿ ಬಂದೆವು. ಎರಡು ಮನೆಯ ಊಟದ ವ್ಯತ್ಯಾಸ ಬರೆದುಕೊಂಡು ಹೋಗಿದ್ದೆ. ಅವರು ಅದನ್ನು ಪೂರ್ತಿ ಓದಿದರು. ವಾರಕ್ಕೆ ನಾಲ್ಕು ದಿನ ಒಂದು ಚಿಕ್ಕ ಬಟ್ಟಲು ಬೆಂದ ಸೊಪ್ಪು ಅಂತ ಗೊತ್ತು ಮಾಡಿದ್ದಾರೆ. ಮುಂದಿನ ವಾರ ಟೆಸ್ಟ್, ಸ್ಥಿರವಾಗುವವರೆಗೆ ವಾರಕ್ಕೊಮ್ಮೆ. ತಿಂಗಳ ಹಿಂದೆ ಗಂಟಲು ನೋವಿಗೆ ಊರಲ್ಲಿ ಯಾವುದೋ ಆಂಟಿಬಯಾಟಿಕ್ ಕೊಟ್ಟಿದ್ದರಂತೆ, ಅದೂ ಅಲ್ಲೇ ಹೊರಬಂತು. ಒಂದು ಕೇಳುವುದು ಮರೆತೆ. ಅಮ್ಮ ಒಂದೊಂದು ಸಂಜೆ ಮಾತ್ರೆ ಮರೆಯುತ್ತಾರೆ. ಆಗ ಮಾರನೆಯ ದಿನ ಎರಡು ಕೊಡಬೇಕಾ?

ಫಾರ್ಮಸಿಸ್ಟ್ ಅಕ್ಕ

ಎರಡು ಕೊಡಬೇಡಿ. ಅದೇ ರಾತ್ರಿ ಮಲಗುವ ಮುಂಚೆ ನೆನಪಾದರೆ ಆಗಲೇ ಕೊಡಿ. ಮಾರನೆಯ ದಿನ ನೆನಪಾದರೆ ತಪ್ಪಿದ್ದು ತಪ್ಪಿತು, ಆ ಸಂಜೆ ಎಂದಿನ ಡೋಸ್ ಮಾತ್ರ. ಮರೆತ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಟೆಸ್ಟಿಗೆ ಹೋಗುವಾಗ ಫೋಟೋ ತೆಗೆದುಕೊಂಡು ಹೋಗಿ. ಸತತ ಎರಡು ದಿನ ತಪ್ಪಿದರೆ ಟೆಸ್ಟಿನ ದಿನಕ್ಕೆ ಕಾಯಬೇಡಿ, ಡಾಕ್ಟರಿಗೆ ಅವತ್ತೇ ಫೋನ್ ಮಾಡಿ. ವಾರದ ಏಳು ಖಾನೆ ಇರುವ ಮಾತ್ರೆ ಡಬ್ಬಿ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ. ಭಾನುವಾರ ನೀವೇ ತುಂಬಿಸಿಡಿ. ಅಸಿಟ್ರೋಮ್‌ನಲ್ಲಿ 1, 2, 3, 4 ಮಿಲಿಗ್ರಾಂ ಬೇರೆ ಬೇರೆ ಬರುತ್ತದೆ, ಸ್ಟ್ರಿಪ್ ಮೇಲಿನ ಸಂಖ್ಯೆಯನ್ನು ಪ್ರತಿ ಸಲವೂ ಚೀಟಿಯ ಜೊತೆ ಹೋಲಿಸಿ ನೋಡಿ ತುಂಬಿಸಿ.